ಗುರುತು ಸಿಕ್ಕಿದ ಧ್ವನಿ

ಆಪ್ತಸಲಹೆಗಾಗಿ ನನ್ನ ಬಳಿ ಬಂದ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ತಂದೆ ಡೊಂಬಿವಲಿಯಲ್ಲಿ, ಮಗಳು ಪುಣೆಯಲ್ಲಿ. ಉಡುಪಿ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಅವರು. ಪತ್ನಿ ತೀರಿಕೊಂಡ ಮೇಲೆ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬಿ ಹಂಚುತ್ತಿದ್ದರು. ಮಗಳು ಪಟ್ಟು ಹಿಡಿದು ತಿದ್ದಿದಳು: "ಅಪ್ಪ, ವಿಡಿಯೊ ನಂಬಬೇಡಿ. ಈಗ ಧ್ವನಿಯನ್ನೂ ನಕಲು ಮಾಡುತ್ತಾರೆ. ನನ್ನ ಧ್ವನಿಯಲ್ಲೇ ಅತ್ತು ಹಣ ಕೇಳಿಯಾರು."

ಒಂದು ಮಳೆಯ ರಾತ್ರಿ ಅವಳು ಸ್ಕೂಟರಿನಿಂದ ಬಿದ್ದಳು. ಕಾಲು ಮುರಿಯಿತು, ಮೊಬೈಲ್ ಒಡೆಯಿತು. ಆಸ್ಪತ್ರೆಯ ನರ್ಸ್ ಒಬ್ಬರ ಫೋನಿನಿಂದ ತಂದೆಗೆ ಕರೆ ಮಾಡಿ, ಅಳುತ್ತ ಹಣ ಕೇಳಿದಳು. ಅವರು ಕರೆ ಕತ್ತರಿಸಿ ಆ ನಂಬರನ್ನು ಬ್ಲಾಕ್ ಮಾಡಿದರು. ಆಮೇಲೆ ನಾಲ್ಕು ತಿಂಗಳು ಇಬ್ಬರಿಗೂ ಮಾತಿಲ್ಲ.

ಮೂರನೆಯ ಭೇಟಿಯಲ್ಲಿ ಮಗಳು ಕೇಳಿದಳು: "ಹೆತ್ತ ಮಗಳ ಧ್ವನಿಯ ಗುರುತೂ ಸಿಗಲಿಲ್ಲವೇ?"

ಅವರು ಕನ್ನಡಕವನ್ನು ಮಡಚುತ್ತ ಬಿಚ್ಚುತ್ತ ಬಹಳ ಹೊತ್ತು ಕುಳಿತರು. "ಸಿಕ್ಕಿತು. ಸಣ್ಣವಳಿದ್ದಾಗ ಅಳುತ್ತ ಉಸಿರು ಸಿಕ್ಕಿಕೊಳ್ಳುತ್ತಿತ್ತಲ್ಲ, ಅದೇ ಅಳು. ಗುರುತು ಸಿಕ್ಕಿದ್ದಕ್ಕೇ ಹೆದರಿದೆ. ಗುರುತು ಸಿಕ್ಕಿದರೂ ನಂಬಬಾರದು ಎಂದು ನೀನೇ ಕಲಿಸಿದ್ದೆಯಲ್ಲ, ಮಗಳೇ."

ಅಂದು ಬೆಳಗಿನವರೆಗೆ ಅವರು ಅವಳ ಸ್ವಂತ ನಂಬರಿಗೆ ಕರೆ ಮಾಡುತ್ತಲೇ ಇದ್ದರಂತೆ. ಅದು ಸ್ವಿಚ್ ಆಫ್. ಈ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ.

ನಂಬಬಾರದು ಎಂದು ನೀನೇ ಕಲಿಸಿದ್ದೆ ಎಂಬ ಆ ಮಾತು ನನಗೂ ನಾಟಿತು. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಜನ ಐವರನ್ನು ಹೊಡೆದು ಕೊಂದರು. ವದಂತಿ ಹಬ್ಬಿದ್ದು ವಾಟ್ಸಾಪಿನಲ್ಲಿ. ಅಂದಿನಿಂದ ಹಿರಿಯರ ಕೂಟಗಳಲ್ಲಿ "ಏನನ್ನೂ ನಂಬಬೇಡಿ" ಎನ್ನುತ್ತ ಬಂದವಳು ನಾನು. ಈಗ ಹಾಗೆನ್ನುವುದಿಲ್ಲ. ಎಲ್ಲವನ್ನೂ ಅನುಮಾನಿಸಲು ಕಲಿತ ಮನುಷ್ಯ, ಮಗಳು ನಿಜವಾಗಿ ಕೂಗಿದಾಗ ಓಡಿ ಬರಲಾರ.

ಅನುಮಾನ ಬಂದರೆ ಕರೆ ಕತ್ತರಿಸುವ ಮೊದಲು ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಕೇಳಿ ಎಂದು ತಂದೆಗೆ ಹೇಳಿದೆ. ಆಸ್ಪತ್ರೆಯ ಹೆಸರು ಕೇಳಿ, ಅಲ್ಲಿನ ನಂಬರನ್ನು ನೀವೇ ಹುಡುಕಿ ಕರೆ ಮಾಡಿ. ಮಗಳ ಇಬ್ಬರು ಗೆಳತಿಯರ ನಂಬರುಗಳು ಗೋಡೆಯ ಕ್ಯಾಲೆಂಡರಿನಲ್ಲಿರಲಿ. ಮೋಸದಲ್ಲಿ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಗಳಿಗೆ ಹೇಳಿದ್ದು ಬೇರೆ. "ಸುಳ್ಳು" ಎಂದಷ್ಟೇ ಉತ್ತರಿಸಬೇಡ, ನಿನಗೆ ಹೇಗೆ ತಿಳಿಯಿತು ಎಂಬುದನ್ನು ಹೇಳು. ಪ್ರತಿ ಭಾನುವಾರ ಇಬ್ಬರೂ ಒಂದೇ ಪತ್ರಿಕೆಯ ಒಂದೇ ಸುದ್ದಿ ಓದಿ ಮಾತನಾಡಿ. ಈ ಸಲಹೆಯ ಬೀಜ ತಂದೆಯದೇ: ಅವರ ಹೋಟೆಲಿನಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದ, ಹತ್ತು ಮಂದಿ ಜಗಳಾಡುತ್ತಿದ್ದರು, ಆದರೆ ಎಲ್ಲರ ಮುಂದಿದ್ದದ್ದು ಒಂದೇ ಹಾಳೆ. ಇದು ಪೊಲೀಸರ ಕೆಲಸ, ಆಪ್ತಸಲಹೆಯಲ್ಲ ಎಂದರು ನನ್ನ ಸಹೋದ್ಯೋಗಿ. ನಾನು ಒಪ್ಪುವುದಿಲ್ಲ. ವಂಚಕರು ಈ ಮನೆಗೆ ಬಂದೇ ಇರಲಿಲ್ಲ. ಬರಬಹುದೆಂಬ ಭಯವೇ ಇಬ್ಬರನ್ನು ದೂರ ಮಾಡಿತ್ತು.

ಪ್ರಶ್ನೆಯನ್ನು ಅಲ್ಲೇ ಆರಿಸಲು ಹೇಳಿದೆ. ಅಮ್ಮ ಕರೆಯುತ್ತಿದ್ದ ಮುದ್ದಿನ ಹೆಸರು ಸಾಕಲ್ಲವೇ ಎಂದಳು ಮಗಳು. "ಬೇಡ, ಅವಳು ಹೋದಾಗ ಅದನ್ನು ಫೇಸ್‌ಬುಕ್ಕಿನಲ್ಲಿ ಬರೆದಿದ್ದೇನೆ" ಎಂದರು ತಂದೆ. ಮತ್ತೊಂದು, ಮಗದೊಂದು ಎಂದು ಅರ್ಧ ಗಂಟೆ ಇಬ್ಬರೂ ಹಳೆಯದನ್ನೆಲ್ಲ ಕೆದಕಿದರು. ನಾನು ಎದ್ದು ಹೊರಗೆ ಬಂದೆ.