ಸಿಯರ್ಸ್ ಮುಳುಗಿದ್ದು ಆನ್‌ಲೈನಿನಿಂದಲ್ಲ

ಕುಂಬಳೆಯ ಓದುಗರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದೆ. ಊರೂರಲ್ಲಿ ದೊಡ್ಡ ಅಂಗಡಿಗಳಿದ್ದ ಅಮೆರಿಕದ ಸಿಯರ್ಸ್‌ನಂಥ ಕಂಪನಿಯೇ ಆನ್‌ಲೈನ್ ಹೊಡೆತಕ್ಕೆ ಮುಳುಗಿತು, ನನ್ನ ಜೀನಸು ಅಂಗಡಿ ಯಾವ ಲೆಕ್ಕ ಎಂದು ಕೇಳಿದ್ದೀರಿ. ಕಟ್ಟಡ ಮಾರಿ, ಅಲ್ಲೇ ಬಾಡಿಗೆಗೆ ಕೂತು ವ್ಯಾಪಾರ ಮಾಡೋಣ ಅಂತ ಮಗ ಹಟ ಹಿಡಿದಿದ್ದಾನಂತೆ. ಫ್ರೀಜರ್ ಕೆಟ್ಟು ಎರಡು ತಿಂಗಳಾಯಿತು ಎಂಬುದು ಕಾಗದದ ಕೊನೆಯ ಸಾಲು.

ಸಿಯರ್ಸ್ ಬೆಳೆದದ್ದೇ ಮನೆಗೆ ಸಾಮಾನು ಕಳಿಸಿ. 19ನೇ ಶತಮಾನದ ಕೊನೆಗೇ ಹಳ್ಳಿಯ ರೈತರು ಅದರ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಆರ್ಡರ್ ಕೊಡುತ್ತಿದ್ದರು. 1908ರಿಂದ ಇಡೀ ಮನೆಯನ್ನೇ, ಮರ, ಮೊಳೆ, ನಕ್ಷೆ ಸಮೇತ ರೈಲಿಗೆ ಹಾಕಿ ಕಳಿಸುತ್ತಿದ್ದರು! ಆ ದಪ್ಪ ಕ್ಯಾಟಲಾಗ್ ನಿಂತದ್ದು 1993ರಲ್ಲಿ. ಮರುವರ್ಷವೇ ಅಮೆಜಾನ್ ಹುಟ್ಟಿತು. ಕ್ಯಾಟಲಾಗ್ ಆಗ ನಷ್ಟದಲ್ಲಿತ್ತು. ಈಗ ಕೂತು ಬೈಯುವುದು ಸುಲಭ ಅನ್ನಿ.

ನನಗೆ ಸಿಟ್ಟು ಬರುವುದು ಆಮೇಲಿನದಕ್ಕೆ. 2005ರಲ್ಲಿ ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ ಸಿಯರ್ಸನ್ನು ಕೆಮಾರ್ಟ್ ಎಂಬ ಇನ್ನೊಂದು ಅಂಗಡಿ ಕಂಪನಿಯ ಜೊತೆ ಸೇರಿಸಿದರು. ಮುಂದೆ ಕಂಪನಿಯನ್ನು 30ಕ್ಕೂ ಹೆಚ್ಚು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಲಾಭನಷ್ಟದ ಲೆಕ್ಕ ಇಟ್ಟರು. ಜಾಹೀರಾತಿನ ಜಾಗಕ್ಕೂ ಒಳಗೊಳಗೇ ಜಗಳ. ನಿಮ್ಮಲ್ಲಿ ಅಕ್ಕಿ ತೂಗುವವನು ಬೆಲ್ಲ ಕೇಳಿದವರಿಗೆ "ಅದು ನಮ್ಮದಲ್ಲ" ಅಂದರೆ ಹೇಗಿರುತ್ತದೆ? ಹಾಗೆ. ಸುಮಾರು 600 ಕೋಟಿ ಡಾಲರ್ ತಮ್ಮದೇ ಷೇರು ವಾಪಸ್ ಕೊಳ್ಳಲು ಹೋಯಿತು. ಅಂಗಡಿಗಳ ಸುಣ್ಣಬಣ್ಣಕ್ಕೆ, ರಿಪೇರಿಗೆ ಮಾತ್ರ ಕೈ ಬಿಗಿ. 2015ರಲ್ಲಿ 235 ಕಡೆಯ ಆಸ್ತಿಯನ್ನು ಇನ್ನೊಂದು ಕಂಪನಿಗೆ ಮಾರಿದರು. ಆಗ ಅದರ ಅಧ್ಯಕ್ಷರೂ ಲ್ಯಾಂಪರ್ಟೇ! ನಿನ್ನೆವರೆಗೆ ಸ್ವಂತದ್ದಾಗಿದ್ದ ಜಾಗಕ್ಕೆ ಬಾಡಿಗೆ ಕಟ್ಟುವ ಹಣೆಬರಹ. 2018ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ.

ನಿಮ್ಮ ಮಗನ ಮಾತನ್ನೇ ಕೇಳಿದ ಹಾಗಿದೆ ಅಲ್ವಾ? ಕಟ್ಟಡ ಮಾರಬೇಡಿ. ಹಾಗಂತ ಸುಮ್ನೆ ಹುಡುಗನ ಬಾಯಿ ಮುಚ್ಚಿಸಲೂಬೇಡಿ. ಹೆದ್ದಾರಿ ಅಗಲವಾದ ಮೇಲೆ ಗಿರಾಕಿಗಳಿಗೆ ಸರ್ವಿಸ್ ರೋಡಿನಲ್ಲಿ ಸುತ್ತಿ ಬರುವ ಗೋಳು ಜಾಸ್ತಿಯಾಗಿದೆ. ವಾಟ್ಸಾಪ್‌ನಲ್ಲಿ ಚೀಟಿ ತರಿಸಿಕೊಂಡು ಸಾಮಾನು ಮನೆಗೆ ಮುಟ್ಟಿಸುವ ಕೆಲಸ ಅವನಿಗೇ ವಹಿಸಿ. ಫ್ರೀಜರ್ ಮಾತ್ರ ಈ ವಾರವೇ ರಿಪೇರಿ ಮಾಡಿಸಿ. ಮಕ್ಕಳಿಗೆ ಐಸ್‌ಕ್ರೀಮು ಅಂತ ಬಂದವರೇ ಸಕ್ಕರೆ, ಚಾಹುಡಿಯನ್ನೂ ಕಟ್ಟಿಸಿಕೊಂಡು ಹೋಗುವುದು.

— ಸಂ.