ಡಾಕ್ಟರಿಗೆ ಊಟದ ವಿಷಯ ಗೊತ್ತಿಲ್ಲವೇ?

ಪ್ರಶ್ನೆ: ನನಗೆ 47 ವರ್ಷ, ತೂಕ 84 ಕೆ.ಜಿ. ಈಚೆಗೆ ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) 6.2 ಬಂದಿದೆ, ಬಿಪಿಯೂ ಸ್ವಲ್ಪ ಮೇಲಿದೆ. ರಿಪೋರ್ಟ್ ನೋಡಿದ ಡಾಕ್ಟರು 'ತೂಕ ಇಳಿಸಿ, ಸಿಹಿ ಬಿಡಿ, ವಾಕಿಂಗ್ ಮಾಡಿ' ಅಂದರು. ಏನು ತಿನ್ನಲಿ, ಎಷ್ಟು ತಿನ್ನಲಿ ಎಂದು ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಡಾಕ್ಟರುಗಳಿಗೆ ಆಹಾರದ ಬಗ್ಗೆ ಏನೂ ಕಲಿಸುವುದಿಲ್ಲ, ಅವರಿಗೆ ಗೊತ್ತಿರುವುದು ಮಾತ್ರೆ ಬರೆಯುವುದಷ್ಟೇ ಎನ್ನುತ್ತಾರೆ ನಮ್ಮ ಯಜಮಾನರು. ಇದು ನಿಜವೇ?

ಉತ್ತರ: ಅರ್ಧ ನಿಜ. ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಫ್ಯಾಟಿ ಲಿವರ್ ಇವಕ್ಕೂ ನಾವು ತಿನ್ನುವುದಕ್ಕೂ ನಂಟಿದೆ ಎಂದು ತಿಳಿಯದ ಡಾಕ್ಟರನ್ನು ನಾನಂತೂ ನೋಡಿಲ್ಲ. ಇನ್ಸುಲಿನ್ ಏನು ಮಾಡುತ್ತದೆ, ಹೆಚ್ಚಾದ ಸಕ್ಕರೆ ಲಿವರಿನಲ್ಲಿ ಹೇಗೆ ಕೊಬ್ಬಾಗುತ್ತದೆ ಎಂಬುದನ್ನೆಲ್ಲ ಬಯೋಕೆಮಿಸ್ಟ್ರಿ ಪರೀಕ್ಷೆಗೆ ಉರು ಹೊಡೆದೇ ಬಂದಿರುತ್ತೇವೆ. ಬಿಟ್ಟುಹೋಗಿರುವುದು ಅದರ ಮುಂದಿನ ಪಾಠ: ಎದುರಿಗೆ ಕೂತವರು ನಾಳೆ ಬೆಳಗ್ಗೆಯಿಂದ ಏನನ್ನು ಬದಲಿಸಬೇಕು, ಬದಲಿಸಿದ್ದನ್ನು ವರ್ಷಗಟ್ಟಲೆ ಹೇಗೆ ಉಳಿಸಿಕೊಳ್ಳಬೇಕು ಎಂಬುದು.

ಇದೇನೂ ಹೊಸ ದೂರಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ಕನಿಷ್ಠ 25 ಗಂಟೆಯಾದರೂ ಪೌಷ್ಟಿಕತೆಯ ಪಾಠ ಇರಬೇಕೆಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1985ರಲ್ಲೇ ಹೇಳಿತ್ತು. ಅಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಷ್ಟು ಕಲಿಸುತ್ತಿದ್ದುದು ಶೇ 27ರಷ್ಟು ಕಾಲೇಜುಗಳು ಮಾತ್ರ. ಸರಾಸರಿ 20 ಗಂಟೆಯನ್ನೂ ಮುಟ್ಟಿರಲಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2019ರ ವಿಮರ್ಶೆಯೊಂದು, ಯಾವ ದೇಶದಲ್ಲೂ ಈ ಕಲಿಕೆ ಸಾಲದು ಎಂದೇ ಹೇಳಿತು.

ಹಾಗಾದರೆ ಪಥ್ಯದಿಂದ ಎಷ್ಟು ಉಪಯೋಗ? ನಿಮ್ಮ ಹಾಗೆ ಸಕ್ಕರೆ ಗಡಿಯಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ತೂಕದಲ್ಲಿ ಶೇ 7ರಷ್ಟು ಇಳಿಸಬೇಕು, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಬೇಕು ಎಂಬ ಗುರಿ ಕೊಟ್ಟ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ಜಾರುವವರು ಶೇ 58ರಷ್ಟು ಕಡಿಮೆಯಾದರು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ 31. ನಿಮ್ಮ ತೂಕಕ್ಕೆ ಶೇ 7 ಎಂದರೆ ಸುಮಾರು ಆರು ಕೆ.ಜಿ. ಅಷ್ಟೆ.

ಈ ಅಂಕಿ ಬಹಳ ಡಾಕ್ಟರುಗಳ ಬಾಯಲ್ಲಿ ಇರುತ್ತದೆ. ಅದು ಬಂದದ್ದು ಹೇಗೆ ಎಂಬುದನ್ನು ಮಾತ್ರ ಮರೆಯುತ್ತೇವೆ. ಆ ಗುಂಪಿನ ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು. ಮೊದಲ ಆರು ತಿಂಗಳೊಳಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು 16 ಪಾಠ ಮಾಡಿದ್ದರು. ಅಷ್ಟು ಕೆಲಸವನ್ನು 'ವಾಕಿಂಗ್ ಮಾಡಿ' ಎಂಬ ಎರಡು ಪದಕ್ಕಿಳಿಸಿ, ಆಮೇಲೆ ಪೇಷೆಂಟ್ ಮಾತು ಕೇಳಲಿಲ್ಲ ಎಂದು ದೂರುವುದು ನಮ್ಮ ಕಡೆಯ ತಪ್ಪು. ಐದು ನಿಮಿಷದ ಭೇಟಿಯಲ್ಲಿ ಮಾತ್ರೆ ಬರೆಯಬಹುದು, ಊಟ ತಿದ್ದಲಾಗದು.

ಬೊಜ್ಜೆಂದರೆ ಬಾಯಿ ಕಟ್ಟಲಾರದವರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಇದು ಅಜ್ಞಾನಕ್ಕಿಂತ ಕೆಟ್ಟದ್ದು. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸಮ. ಬೇಕಾದಷ್ಟು ತಿನ್ನಿ ಎಂದಿದ್ದರು. ಸಂಸ್ಕರಿಸಿದ್ದನ್ನು ತಿಂದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದಲ್ಲಿ ಮನೋಬಲ ಬದಲಾಗಿರಲಿಲ್ಲವಲ್ಲ.

ಔಷಧಿಯೂ ತೂಕ ಏರಿಸುತ್ತದೆ. ಸ್ಟೆರಾಯ್ಡ್, ಇನ್ಸುಲಿನ್, ಮನೋರೋಗಕ್ಕೆ ಕೊಡುವ ಒಲಾಂಜಪಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಇಂಥವು. ಬರೆದುಕೊಟ್ಟ ನಾವೇ ಕೆಲವೊಮ್ಮೆ ಗಮನಿಸುವುದಿಲ್ಲ. ನೀವೇ ಕೇಳಿ.

ಇನ್ನು ನಿಮ್ಮ ಯಜಮಾನರಿಗೂ ಒಂದು ಮಾತು. ಊಟವೇ ಸರ್ವಸ್ವ, ಮಾತ್ರೆ ಬರೀ ವ್ಯಾಪಾರ ಎನ್ನುವುದೂ ಸರಿಯಲ್ಲ. ಸಕ್ಕರೆ ಕಾಯಿಲೆಯಿದ್ದ 5,145 ಜನರ 'ಲುಕ್ ಅಹೆಡ್' ಅಧ್ಯಯನದಲ್ಲಿ ಕಟ್ಟುನಿಟ್ಟಾದ ಪಥ್ಯ, ವ್ಯಾಯಾಮ ಮಾಡಿದವರ ತೂಕ, ಸಕ್ಕರೆ ಇಳಿದವು, ಔಷಧಿಯೂ ಕಡಿಮೆ ಸಾಕಾಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು ನಿರೀಕ್ಷಿಸಿದಂತೆ ತಗ್ಗಲಿಲ್ಲ. 2012ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಲಾಯಿತು. ಬಿಪಿ, ಕೊಲೆಸ್ಟರಾಲ್ ಮಾತ್ರೆಗಳ ಕೆಲಸವೇ ಬೇರೆ.

ಮುಂದಿನ ಸಲ ಹೋಗುವಾಗ ಮೂರು ದಿನ ತಿಂದದ್ದು, ಮುಖ್ಯವಾಗಿ ಕುಡಿದದ್ದು, ಗಂಟೆಯ ಸಮೇತ ಬರೆದುಕೊಂಡು ಹೋಗಿ. 'ಸಿಹಿ ತಿಂತೀರಾ?' ಎಂದು ಕೇಳಿದರೆ 'ಮುಟ್ಟೋದೇ ಇಲ್ಲ ಡಾಕ್ಟ್ರೇ' ಎನ್ನುವವರ ಚೀಟಿಯಲ್ಲಿ ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಇರುತ್ತದೆ. ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ 32 ಗ್ರಾಂ ಆಯಿತು. ಸುಳ್ಳು ಹೇಳಿದ್ದಲ್ಲ, ಕುಡಿದದ್ದನ್ನು ಯಾರೂ ತಿಂದ ಲೆಕ್ಕಕ್ಕೆ ಸೇರಿಸುವುದಿಲ್ಲ. ಚೀಟಿ ಕೈಯಲ್ಲಿದ್ದರೆ ಡಾಕ್ಟರೂ 'ಸಿಹಿ ಬಿಡಿ' ಎಂದು ಮುಗಿಸಲಾರರು. ಅವರಿಗೆ ಬಿಡುವಿಲ್ಲದಿದ್ದರೆ ಡಯಟೀಷಿಯನ್ ಹತ್ತಿರ ಕಳಿಸಿ ಎಂದು ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಎಣ್ಣೆ, ಅನ್ನ ಯಾವುದನ್ನು ಬಿಡಲಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕೊಬ್ಬು ಇಳಿಸಿದವರನ್ನೂ ಪಿಷ್ಟ ಇಳಿಸಿದವರನ್ನೂ ಒಂದು ವರ್ಷ ಹೋಲಿಸಿ ನೋಡಿದ 2018ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ತೂಕ ಕಳೆದುಕೊಂಡವು. ಯಾವುದನ್ನು ಬಹುಕಾಲ ನಡೆಸಿಕೊಂಡು ಹೋಗಬಲ್ಲಿರೋ ಅದನ್ನು ಹಿಡಿಯಿರಿ.

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, 14 ವರ್ಷದಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್, ಮಾತ್ರೆ ಎರಡೂ ಇವೆ. ಯಾವುದೋ ವಿಡಿಯೊ ನೋಡಿ ಕಳೆದ ವಾರದಿಂದ ಪಿಷ್ಟದ ಪದಾರ್ಥ ಪೂರ್ತಿ ಬಿಟ್ಟಿದ್ದಾರೆ. ಕಾಯಿಲೆ ಹಿಂದಕ್ಕೆ ಹೋಗುತ್ತದಂತೆ. ಸುಮ್ಮನಿರಬಹುದೇ?

ಉತ್ತರ: ಸುಮ್ಮನಿರಬೇಡಿ, ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ. ಊಟ ಇಳಿಸಿ ಇನ್ಸುಲಿನ್ ಹಳೇ ಪ್ರಮಾಣದಲ್ಲೇ ಹಾಕಿದರೆ ಸಕ್ಕರೆ ತೀರಾ ಕುಸಿದು ಎಚ್ಚರ ತಪ್ಪಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆಯಿದ್ದರೂ ಅದೇ ಅಪಾಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರಂತೂ ಸಕ್ಕರೆ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ ಆಮ್ಲ (ಮೈಯ ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಅಪಾಯದ ಮಟ್ಟಕ್ಕೆ ಏರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಗ್ಲುಕೋಮೀಟರ್ ಏನೇ ತೋರಿಸಲಿ, ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ಸುಲಿನ್ನನ್ನು ಅವರಾಗಿಯೇ ನಿಲ್ಲಿಸುವುದೂ ಬೇಡ.

ವಿಡಿಯೊದಲ್ಲಿ ಹೇಳಿದ್ದು ಪೂರಾ ಸುಳ್ಳಲ್ಲ. ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದಲ್ಲಿ ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಪಥ್ಯ ಮಾಡಿದವರಲ್ಲಿ ಶೇ 46ರಷ್ಟು ಜನರ ಸಕ್ಕರೆ ವರ್ಷದ ಕೊನೆಗೆ ಔಷಧಿಯಿಲ್ಲದೆ ಹತೋಟಿಯಲ್ಲಿತ್ತು. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ಆದರೆ ಅವರೆಲ್ಲ ಕಾಯಿಲೆ ಪತ್ತೆಯಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ಹಾಕಿಕೊಳ್ಳದವರು. ಮಾತ್ರೆ ನಿಲ್ಲಿಸಿದ್ದೂ ಡಾಕ್ಟರ ಮೇಲ್ವಿಚಾರಣೆಯಲ್ಲೇ. ನಿಮ್ಮ ತಂದೆಯವರ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಅವರ ಮಾತ್ರೆಗಳ ಪೂರ್ತಿ ಪಟ್ಟಿ, ಈ ವಾರದ ಗ್ಲುಕೋಮೀಟರ್ ಅಂಕಿಗಳು ಎರಡನ್ನೂ ಹಿಡಿದು ಡಾಕ್ಟರ ಬಳಿ ಜೊತೆಗೇ ಹೋಗಿ.