ಅರವತ್ತೊಂದಕ್ಕೆ ಮೊದಲ ಕಥೆ

ಓದುಗರ ಪತ್ರ: ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಕಳೆದ ವರ್ಷ ನಿವೃತ್ತಳಾದೆ. ನನಗೀಗ 61. ಈಗ ಕಥೆ ಬರೆಯಲು ಕೂತಿದ್ದೇನೆ, ಒಂದನ್ನು ಇದರ ಜೊತೆ ಕಳಿಸಿದ್ದೇನೆ. ಮನೆಯಲ್ಲಿ ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಅನ್ನುತ್ತಾರೆ. ಇಷ್ಟು ತಡವಾಗಿ ಶುರುಮಾಡಿ ಹೆಸರು ಮಾಡಿದವರು ನಿಜಕ್ಕೂ ಇದ್ದಾರಾ? ಕಥೆಯ ಜೊತೆ ವಯಸ್ಸು ಹಾಕಬೇಕಾ? (ಹೆಸರು ಬೇಡ.)

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ. ಖಂಡಿತ ಇದ್ದಾರೆ. ನಿಮ್ಮ ಹಾಗೆಯೇ ಟೀಚರ್ ಆಗಿದ್ದ ಒಬ್ಬರ ವಿಷಯ ಹೇಳುತ್ತೇನೆ.

ಇಂಗ್ಲೆಂಡಿನ ಪೆನೆಲೊಪಿ ಫಿಟ್ಜೆರಾಲ್ಡ್ ಹುಟ್ಟಿದ್ದು 1916ರಲ್ಲಿ. ಆಕ್ಸ್‌ಫರ್ಡಿನಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು. ಆಮೇಲೆ ಮದುವೆ, ಮೂವರು ಮಕ್ಕಳು. ಗಂಡ ವಕೀಲರು. ಕುಡಿತ ಹೆಚ್ಚಾಯಿತು, ಕೈಯಲ್ಲಿ ದುಡ್ಡಿಲ್ಲ, ಕೊನೆಗೆ ವಕೀಲಿಕೆಯೂ ಹೋಯಿತು. ಲಂಡನ್ನಿನಲ್ಲಿ ಬೇರೆ ಮನೆ ಮಾಡುವ ಶಕ್ತಿ ಇಲ್ಲದೆ ಥೇಮ್ಸ್ ನದಿಯಲ್ಲಿ ಕಟ್ಟಿಹಾಕಿದ್ದ ಹಳೆಯ ಸರಕು ದೋಣಿಯೊಂದರಲ್ಲಿ ಸಂಸಾರ ಹೂಡಿದರು. ಅದೂ ಒಂದು ದಿನ ಮುಳುಗಿತು. ಪುಸ್ತಕ, ಕಾಗದಪತ್ರ ಎಲ್ಲ ನೀರುಪಾಲು. ಮನೆ ನಡೆಸಲು ವರ್ಷಗಟ್ಟಲೆ ಪಾಠ ಹೇಳಿದರು.

ಅವರ ಮೊದಲ ಪುಸ್ತಕ ಬಂದಾಗ ವಯಸ್ಸು 58. ಅದು ಒಬ್ಬ ಚಿತ್ರಕಾರನ ಜೀವನಚರಿತ್ರೆ. ಮೊದಲ ಕಾದಂಬರಿಯನ್ನು ಬರೆದದ್ದು ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಗಂಡನ ಮನಸ್ಸಿಗೆ ಒಂದಿಷ್ಟು ಖುಷಿ ಕೊಡೋಣ ಅಂತ. ಹೆಸರು ಮಾಡಬೇಕು ಅನ್ನೋದು ಆಗ ಅವರ ತಲೆಯಲ್ಲಿ ಎಲ್ಲಿರಬೇಕು ಹೇಳಿ. 1979ರಲ್ಲಿ, 62ನೇ ವಯಸ್ಸಿನಲ್ಲಿ, ಬುಕರ್ ಪ್ರಶಸ್ತಿ ಬಂತು. ಆ ಕಾದಂಬರಿ ಯಾರ ಬಗ್ಗೆ ಗೊತ್ತಾ? ಥೇಮ್ಸ್ ನದಿಯ ದೋಣಿಗಳಲ್ಲಿ ಬದುಕುವವರ ಬಗ್ಗೆ! ಕೊನೆಯ ಕಾದಂಬರಿ ಬಂದಾಗ ಅವರಿಗೆ 78. ಅವರ ಬರವಣಿಗೆಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಎನ್ನುವವರು ಬಹಳ ಜನ. ಅದಕ್ಕೆ ಅಮೆರಿಕದ ವಿಮರ್ಶಕರ ಪ್ರಶಸ್ತಿ ಸಿಕ್ಕಿದ್ದು 80 ದಾಟಿದ ಮೇಲೆ.

ಕಷ್ಟಪಟ್ಟರೆ ಒಳ್ಳೆಯ ಲೇಖಕರಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆ ಮಾತೇ ನನಗೆ ಹಿಡಿಸುವುದಿಲ್ಲ. ಅಷ್ಟು ವರ್ಷಗಳಲ್ಲಿ ಆಕೆ ಬರೆಯಬಹುದಾಗಿದ್ದ ಪುಸ್ತಕಗಳು ಹೋದವಲ್ಲ ಅಂತ ನೆನೆದರೆ ಸಂಕಟವಾಗುತ್ತದೆ. ಮನೆ, ಮಕ್ಕಳು, ಉತ್ತರಪತ್ರಿಕೆಗಳ ಕಟ್ಟು ಇವುಗಳ ನಡುವೆ ನಮ್ಮಲ್ಲೂ ಎಷ್ಟು ಹೆಣ್ಣುಮಕ್ಕಳ ಕಥೆಗಳು ಬರೆಯದೆ ಉಳಿದಿವೆಯೋ. ನಿಮಗಿದು ಗೊತ್ತಿರುತ್ತದೆ.

ಇನ್ನೊಂದು ಮಾತು. ತಡವಾಗಿ ಹೆಸರು ಬಂದವರೆಲ್ಲ ತಡವಾಗಿ ಶುರು ಮಾಡಿದವರಲ್ಲ. ಪತ್ರಿಕೆಗಳಲ್ಲಿ, ನಮ್ಮದರಲ್ಲೂ ಸೇರಿ, ಇವೆರಡನ್ನೂ ಕಲಸಿಬಿಡುತ್ತೇವೆ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು, ದೀಪಾ ಭಾಸ್ತಿ ಅವರ ಅನುವಾದಕ್ಕೆ. ಆಗ ಬಾನು ಅವರಿಗೆ 77. ಲಂಡನ್ನಿನವರಿಗೆ ಹೊಸ ಹೆಸರು, ನಮಗೆ ಹೊಸದಲ್ಲ. ದಶಕಗಳಿಂದ ಬರೆಯುತ್ತಲೇ ಇದ್ದರು, ಜೊತೆಗೆ ವಕೀಲಿಕೆಯನ್ನೂ ಮಾಡಿದರು. ಅಂಕೋಲಾದ ತುಳಸಿ ಗೌಡರದ್ದೂ ಅಷ್ಟೇ. ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೊದಿಂದ ಅವರು ದೇಶಕ್ಕೆಲ್ಲ ಗೊತ್ತಾದರು. ಆದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಹಾಕಿ ಸಸಿ ಬೆಳೆಸುವ ಕೆಲಸಕ್ಕೆ ಕೈ ಹಾಕಿದ್ದು ಚಿಕ್ಕ ಹುಡುಗಿಯಾಗಿದ್ದಾಗಲೇ, ಅಮ್ಮನ ಜೊತೆ. ಈ ಇಬ್ಬರನ್ನೂ ‘ವಯಸ್ಸಾದ ಮೇಲೆ ಸಾಧಿಸಿದವರು’ ಅಂದರೆ ಅವರ ಅಷ್ಟು ವರ್ಷಗಳ ದುಡಿಮೆಗೆ ಅನ್ಯಾಯವಾಗುತ್ತದೆ, ಅಲ್ವಾ?

ನೀವು ಫಿಟ್ಜೆರಾಲ್ಡ್ ಅವರ ಸಾಲಿನವರು, ಶುರು ಮಾಡಿದ್ದೇ ಈಗ. ಹೆಸರು ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಚೆನ್ನಾಗಿ ಬರೆದೂ ಯಾರ ಕಣ್ಣಿಗೂ ಬೀಳದವರು ಜಾಸ್ತಿ. ವಯಸ್ಸು ಹಾಕಬೇಡಿ. ಕಥೆಗಳನ್ನು ಆರಿಸುವಾಗ ನಾವದನ್ನು ನೋಡುವುದಿಲ್ಲ.

ನಿಮ್ಮ ಕಥೆ ಓದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಹುಡುಗಿ ಹಾಲ್ ಟಿಕೆಟ್ ಮರೆತು ಬಂದಿರುತ್ತಾಳೆ. ಅವಳ ಅಪ್ಪ ಒಂದು ಮಾತೂ ಬೈಯದೆ ಗೇಟಿನ ಹತ್ತಿರ ಸೈಕಲ್ ತಿರುಗಿಸುತ್ತಾನಲ್ಲ, ಆ ಮೂರು ಸಾಲು ತುಂಬ ಚೆನ್ನಾಗಿವೆ. ಶಾಲೆಯ ಗೇಟಿನಲ್ಲಿ ವರ್ಷಾನುಗಟ್ಟಲೆ ನಿಂತವರು ಮಾತ್ರ ಹಾಗೆ ಬರೆಯಬಲ್ಲರು. ಆದರೆ ಕೊನೆಯ ಪುಟದಲ್ಲಿ ನೀವು ಪಾಠ ಮಾಡಲು ಶುರು ಮಾಡಿದ್ದೀರಿ. ಆ ಪುಟ ಪೂರ್ತಿ ತೆಗೆಯಿರಿ, ಅಪ್ಪ ವಾಪಸ್ ಬಂದಲ್ಲಿಗೇ ಕಥೆ ನಿಲ್ಲಲಿ. ತಿದ್ದಿ ಮತ್ತೆ ಕಳಿಸಿ. ಇನ್ನೂ ಬರೆದಿದ್ದರೆ ಅವನ್ನೂ ಕಳಿಸಿ, ಓದುತ್ತೇನೆ.